ಹದಿನೇಳು ಜನರ ತರಬೇತಿಗೆ ಐದು ತಿಂಗಳು ಓಡಾಡಿದ ಕಥೆ

ಮಕ್ಕಳ ಮಾನಸಿಕ ಆರೋಗ್ಯದ ಬಗ್ಗೆ ನಮ್ಮ ಶಾಲೆಯ ಸಿಬ್ಬಂದಿಗೆ ಇಟ್ಟುಕೊಂಡಿದ್ದ ತರಬೇತಿಯ ಎರಡನೇ ದಿನ ಮೊನ್ನೆ ಶನಿವಾರ ಸಂಜೆ ನಾಲ್ಕೂಕಾಲಿಗೆ ಮುಗಿಯಿತು. ಎಲ್ಲರೂ ಬಸ್ಸಿಗೆ ಓಡಿದರು. ನಾನೊಬ್ಬಳೇ ಖಾಲಿ ಕ್ಲಾಸಿನಲ್ಲಿ ಕೂತು ಫ್ಲಾಸ್ಕಿನಲ್ಲಿ ಉಳಿದಿದ್ದ ಟೀ ಕುಡಿದೆ. ಆಗಸ್ಟ್‌ನಲ್ಲಿ ಮೊದಲ ಪತ್ರ ಬರೆದಾಗ ಹದಿನೈದು ದಿನದಲ್ಲಿ ಆಗಿಹೋಗುತ್ತೆ ಅಂದುಕೊಂಡಿದ್ದೆ. ಈಗ ಜನವರಿ. ನಿಮ್ಮ ಶಾಲೆಯಲ್ಲಿ ಯಾರಾದರೂ ಈ ಕೆಲಸಕ್ಕೆ ಕೈ ಹಾಕುವವರಿದ್ದರೆ ನನ್ನಷ್ಟು ಅಲೆಯದಿರಲಿ ಅಂತ ಬರೆಯುತ್ತಿದ್ದೇನೆ.

ನಮ್ಮದು ಒಂದು ಹೋಬಳಿಯ ಸರ್ಕಾರಿ ಹೈಸ್ಕೂಲು. 212 ಮಕ್ಕಳು. ತುಂಬಾ ಮಕ್ಕಳ ಅಪ್ಪ ಅಮ್ಮ ಬೆಂಗಳೂರಿನಲ್ಲಿ ಗಾರೆ ಕೆಲಸ, ಗಾರ್ಮೆಂಟ್ಸು. ಮಕ್ಕಳು ಇಲ್ಲಿ ಅಜ್ಜಿ ಜೊತೆ.

ಯಾಕೆ ಶುರು ಮಾಡಿದೆ ಅಂತ ಮೊದಲು ಹೇಳಿಬಿಡುತ್ತೇನೆ. 2025ರ ಫೆಬ್ರವರಿಯಲ್ಲಿ ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗ ನೋಟ್ಸ್ ಬರೆಯುವುದು ಬಿಟ್ಟ. ಕ್ಲಾಸಿನಲ್ಲಿ ನಿದ್ದೆ. ಮೊದಲೆಲ್ಲ ಚುರುಕಾಗಿದ್ದವನು. ನಾನು ಎಲ್ಲರೆದುರು ನಿಲ್ಲಿಸಿ ಬೈದೆ, 'ಮೈಗಳ್ಳ' ಅಂದೆ. ಅವನು ಏನೂ ಹೇಳಲಿಲ್ಲ, ನನ್ನ ಮುಖ ನೋಡದೆ ಕೂತುಕೊಂಡ. ನಾಲ್ಕು ದಿನ ಶಾಲೆಗೆ ಬರಲಿಲ್ಲ. ಐದನೇ ದಿನ ಗೊತ್ತಾಯಿತು, ಹಿಂದಿನ ರಾತ್ರಿ ಅವನು ಬದುಕೇ ಬೇಡ ಅನ್ನುವ ಮಟ್ಟಕ್ಕೆ ಹೋಗಿದ್ದ, ಪಕ್ಕದ ಮನೆಯವರು ನೋಡಿ ತಡೆದಿದ್ದರು. ಈಗ ಚೆನ್ನಾಗಿದ್ದಾನೆ, ಹತ್ತನೇ ಕ್ಲಾಸು. ಅವನ ಮನೆಯವರನ್ನು ಕೇಳಿಯೇ ಇಷ್ಟು ಬರೆದಿದ್ದೇನೆ, ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಾಯಿಸಿದ್ದೇನೆ.

ಆದರೆ ನನಗೆ ನಿದ್ದೆ ಕೆಡಿಸಿದ್ದು ಬೇರೆ ಮಾತು. ಆ ವಾರ ಬಿಸಿಯೂಟದ ಅಡುಗೆ ಅಕ್ಕ ನನ್ನ ಹತ್ತಿರ ಬಂದು, 'ಆ ಹುಡ್ಗ ಮೂರು ವಾರದಿಂದ ಎರಡನೇ ಸಲ ಅನ್ನಕ್ಕೆ ಬರ್ತಾನೇ ಇರ್ಲಿಲ್ಲ ಮಿಸ್ಸು, ಮೊಟ್ಟೇನೂ ಪಕ್ಕದವನಿಗೆ ಕೊಟ್ಬಿಡ್ತಿದ್ದ. ನಿಮಗೆ ಗೊತ್ತಿರುತ್ತೆ ಅಂದ್ಕೊಂಡೆ' ಅಂದರು. ನನಗೆ ಗೊತ್ತಿರಲಿಲ್ಲ. ಹನ್ನೊಂದು ಜನ ಬಿ.ಎಡ್ ಮಾಡಿದವರಿಗೆ ಯಾರಿಗೂ ಗೊತ್ತಿರಲಿಲ್ಲ.

ಇನ್ನೂ ನಾಚಿಕೆಯ ವಿಷಯ ಅಂದರೆ ನಾನು ನಮ್ಮ ಶಾಲೆಯ 'ಆರೋಗ್ಯ ಮತ್ತು ಕ್ಷೇಮ ರಾಯಭಾರಿ'. 2020ರಲ್ಲಿ ಆಯುಷ್ಮಾನ್ ಭಾರತದಡಿ ಬಂದ ಶಾಲಾ ಆರೋಗ್ಯ ಕಾರ್ಯಕ್ರಮದಲ್ಲಿ ಪ್ರತಿ ಶಾಲೆಯಿಂದ ಇಬ್ಬರು ಶಿಕ್ಷಕರನ್ನು, ಒಬ್ಬ ಗಂಡು ಒಬ್ಬ ಹೆಣ್ಣು, ಆರಿಸಿ ತರಬೇತಿ ಕೊಡುತ್ತಾರಲ್ಲ, ಅದು. ಹನ್ನೊಂದು ವಿಷಯ ಇವೆ. ಪೌಷ್ಟಿಕ ಆಹಾರ, ರಸ್ತೆ ಸುರಕ್ಷತೆ, ಇಂಟರ್ನೆಟ್ ಬಳಕೆ, ಹೀಗೆ. ಅದರಲ್ಲಿ ಭಾವನೆ ಮತ್ತು ಮಾನಸಿಕ ಆರೋಗ್ಯ ಒಂದು. ನಾನು ಹೋಗಿದ್ದ ಬ್ಯಾಚಿನಲ್ಲಿ ಆ ವಿಷಯ ಊಟದ ನಂತರ ಬಂತು, ಫ್ಯಾನ್ ತಿರುಗುತ್ತಿರಲಿಲ್ಲ, ಅರ್ಧ ಜನ ತೂಕಡಿಸುತ್ತಿದ್ದರು. ನಾನೂ. ಪುಸ್ತಕ ಬೀರುವಿನಲ್ಲಿ ಇಟ್ಟವಳು ಮತ್ತೆ ತೆಗೆದಿರಲಿಲ್ಲ.

ಜುಲೈ 2025ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂತು. ವಿಶಾಖಪಟ್ಟಣದಲ್ಲಿ ನೀಟ್‌ಗೆ ಓದುತ್ತಿದ್ದ ಹುಡುಗಿಯೊಬ್ಬಳ ಸಾವಿನ ಪ್ರಕರಣ. ಆ ತೀರ್ಪಿನಲ್ಲಿ ದೇಶದ ಎಲ್ಲ ಶಿಕ್ಷಣ ಸಂಸ್ಥೆಗಳಿಗೂ ಹದಿನೈದು ಸೂಚನೆ ಕೊಟ್ಟರು. ಪಾಠ ಮಾಡುವವರಿಗೂ ಮಾಡದ ಸಿಬ್ಬಂದಿಗೂ ವರ್ಷಕ್ಕೆ ಕನಿಷ್ಠ ಎರಡು ಸಲ ತರಬೇತಿ ಆಗಬೇಕು, ಅದನ್ನು ಅರ್ಹತೆ ಇರುವ ಮಾನಸಿಕ ಆರೋಗ್ಯ ತಜ್ಞರೇ ಕೊಡಬೇಕು ಅಂತ ಒಂದು. ನೂರು ಅಥವಾ ಅದಕ್ಕಿಂತ ಜಾಸ್ತಿ ಮಕ್ಕಳಿದ್ದರೆ ಒಬ್ಬ ಆಪ್ತಸಮಾಲೋಚಕರು ಇರಬೇಕು ಅಂತ ಇನ್ನೊಂದು. ನಮ್ಮಲ್ಲಿ ಆ ಹುದ್ದೆ ಇಲ್ಲ. ಆದರೆ ತರಬೇತಿಗೆ ಹುದ್ದೆ ಬೇಕಿಲ್ಲವಲ್ಲ? 'ಪಾಠ ಮಾಡದ ಸಿಬ್ಬಂದಿ' ಅನ್ನುವುದನ್ನು ಓದಿದ ಕೂಡಲೇ ಅಡುಗೆ ಅಕ್ಕನ ಮುಖ ಕಣ್ಣ ಮುಂದೆ ಬಂತು.

ಎಚ್ಚೆಮ್, ಅಂದರೆ ಮುಖ್ಯ ಶಿಕ್ಷಕರ ಹತ್ತಿರ ಹೋದೆ. ಒಳ್ಳೆಯ ಮನುಷ್ಯ, ಆದರೆ ನಿವೃತ್ತಿಗೆ ಎರಡು ವರ್ಷ ಬಾಕಿ. 'ಮೇಡಂ, ಇದು ಕೋಟಾ ಕೋಚಿಂಗ್‌ನವರಿಗೆ ಹೇಳಿದ್ದು' ಅಂದರು. ಅಲ್ಲ ಸಾರ್, ಎಲ್ಲರಿಗೂ ಅಂತ ಪ್ರಿಂಟ್ ತೋರಿಸಿದೆ. ಆಮೇಲೆ ನಿಜವಾದ ಚಿಂತೆ ಹೊರಗೆ ಬಂತು: 'ನಾವಾಗಿ ಪತ್ರ ಬರೆದ್ರೆ ಈ ಶಾಲೇಲಿ ಏನೋ ಆಗಿದೆ ಅಂತ ವಿಚಾರಣೆಗೆ ಬರ್ತಾರೆ.' ಈ ಮಾತು ನಿಮಗೂ ಎದುರಾಗುತ್ತೆ. ನಾನು ಮಾಡಿದ ಉಪಾಯ ಇಷ್ಟೇ, ಪತ್ರದಲ್ಲಿ ಯಾವ ಘಟನೆಯನ್ನೂ ಬರೆಯಲಿಲ್ಲ, ತೀರ್ಪಿನ ಸಾಲು ಮತ್ತು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ನಡಾವಳಿ ಮಾತ್ರ ಹಾಕಿದೆ. ಎಸ್‌ಡಿಎಂಸಿ ಅಧ್ಯಕ್ಷರು ಟ್ರ್ಯಾಕ್ಟರ್ ನಿಲ್ಲಿಸಿ ಸಹಿ ಹಾಕಿಕೊಟ್ಟರು. 'ಒಳ್ಳೇದು ತಾನೇ ಟೀಚರಮ್ಮ' ಅಂದರು. ಅಷ್ಟೇ.

ತರಬೇತಿ ಕೊಡುವವರು ಯಾರು? ಇಲ್ಲಿ ನಾನು ಮೂರು ವಾರ ಸುಮ್ನೆ ಕಳೆದೆ. ಮೊದಲು ಬೆಂಗಳೂರಿನ ಒಬ್ಬ ಖಾಸಗಿ ತರಬೇತುದಾರರನ್ನು ಫೋನಿನಲ್ಲಿ ಕೇಳಿದೆ. ದಿನಕ್ಕೆ 25,000 ರೂಪಾಯಿ, ಕಾರಿನ ಖರ್ಚು ಬೇರೆ ಅಂದರು. ಫೋನಿಟ್ಟೆ. ಆಮೇಲೆ ನಮ್ಮ ಪಿಎಚ್‌ಸಿ ನರ್ಸ್ ಹೇಳಿದರು, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಅಂತ ಸರ್ಕಾರದ್ದೇ ಇದೆ, ದುಡ್ಡು ಕೊಡಬೇಕಾಗಿಲ್ಲ ಅಂತ. ಮನೋವೈದ್ಯರು, ಮನಃಶಾಸ್ತ್ರಜ್ಞರು, ಸೋಶಿಯಲ್ ವರ್ಕರ್, ನರ್ಸ್ ಇರುವ ತಂಡ ಅದು. ಶಾಲೆಗಳಿಗೆ ಹೋಗುವುದು ಅವರ ಕೆಲಸದ ಒಂದು ಭಾಗವೇ. ತಮಾಷೆ ಅಂದರೆ ಇದರ ಬೇರು ನಮ್ಮ ರಾಜ್ಯದಲ್ಲೇ ಇದೆ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ನೋಡಿದ್ದನ್ನೇ 1996ರಿಂದ ದೇಶದಲ್ಲಿ ಹರಡಿದ್ದು. ಪಕ್ಕದಲ್ಲೇ ಇದ್ದದ್ದು ನನಗೆ ಗೊತ್ತಿರಲಿಲ್ಲ.

ಪತ್ರ ಮೂರು ಕಡೆ ಹೋಗಬೇಕು. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಒಂದು, ತಾಲ್ಲೂಕು ಆರೋಗ್ಯಾಧಿಕಾರಿಗೆ ಒಂದು, ಜಿಲ್ಲೆಯಲ್ಲಿ ಈ ಕಾರ್ಯಕ್ರಮ ನೋಡಿಕೊಳ್ಳುವ ಅಧಿಕಾರಿಗೆ ಒಂದು. ಜೊತೆಗೆ ನಡಾವಳಿಯ ಪ್ರತಿ, ಸಿಬ್ಬಂದಿ ಪಟ್ಟಿ, ಎರಡು ಮೂರು ದಿನಾಂಕ. ಒಂದೇ ದಿನಾಂಕ ಬರೆಯಬೇಡಿ, ಅದು ತಪ್ಪಿದರೆ ಪತ್ರವೇ ಸತ್ತ ಹಾಗೆ. ಟಪಾಲಿನಲ್ಲಿ ಕೊಟ್ಟು ಇನ್‌ವರ್ಡ್ ನಂಬರ್ ಬರೆಸಿಕೊಳ್ಳಿ, ನಿಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ನಾನು ಒಂದು ಕಡೆ ಸುಮ್ನೆ ಮೇಜಿನ ಮೇಲೆ ಇಟ್ಟು ಬಂದೆ. ಇಪ್ಪತ್ತು ದಿನ ಬಿಟ್ಟು ಹೋದರೆ 'ಅಂಥ ಪತ್ರ ಬಂದೇ ಇಲ್ಲವಲ್ಲ ಮೇಡಂ'. ಯಾವ ಕಚೇರಿ ಅಂತ ಹೇಳುವುದಿಲ್ಲ. ಎಲ್ಲಿ ಬೇಕಾದರೂ ಆಗಬಹುದಾದದ್ದು.

ಕೊನೆಗೆ ಸೆಪ್ಟೆಂಬರ್ 27, ಶನಿವಾರ ಅಂತ ಗೊತ್ತಾಯಿತು. ನಾನು ಸ್ಟಾಫ್ ರೂಮಿನಲ್ಲಿ ಪೇಡ ಹಂಚುವುದೊಂದು ಬಾಕಿ. ಅಷ್ಟರಲ್ಲಿ ಸೆಪ್ಟೆಂಬರ್ 22ರಿಂದ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆ, ಮೇಷ್ಟ್ರುಗಳೆಲ್ಲ ಮನೆ ಮನೆಗೆ. ಬಾಗಿಲಿಗೆ ಅಂಟಿಸಿದ್ದ ಸ್ಟಿಕ್ಕರ್ ಹುಡುಕಿಕೊಂಡು, ನೆಟ್‌ವರ್ಕ್‌ಗಾಗಿ ಮೊಬೈಲ್ ಮೇಲೆತ್ತಿಕೊಂಡು ಬೀದಿ ಬೀದಿ ಅಲೆದೆವು. ದಸರಾ ರಜೆಯೂ ಅದರಲ್ಲೇ ಹೋಯಿತು, ಸಮೀಕ್ಷೆ ಮುಗಿಯಲಿಲ್ಲ ಅಂತ ರಜೆಯನ್ನೇ ಅಕ್ಟೋಬರ್ 18ರವರೆಗೆ ಮುಂದುವರಿಸಿದರು. ತರಬೇತಿ ಅಂದರೆ ಎಲ್ಲರೂ ನನ್ನನ್ನು ತಿನ್ನುವ ಹಾಗೆ ನೋಡುತ್ತಿದ್ದರು. ಅದಕ್ಕೆ ಅವರನ್ನು ದೂರಲಾರೆ, ನನ್ನ ಕಾಲೂ ಊದಿತ್ತು.

ನವೆಂಬರ್‌ನಲ್ಲಿ ಮತ್ತೆ ಪತ್ರ, ಮತ್ತೆ ಸೀಲು. ಜಿಲ್ಲಾ ಕೇಂದ್ರಕ್ಕೆ ಒಟ್ಟು ನಾಲ್ಕು ಸಲ ಹೋದೆ. ಶಕ್ತಿ ಯೋಜನೆ ಇರೋದರಿಂದ ಬಸ್ಸಿಗೆ ದುಡ್ಡಿಲ್ಲ, ಬಸ್ ಸ್ಟ್ಯಾಂಡಿನಿಂದ ಆಟೋಗೆ ಹೋಗಿ ಬರಲು ಸಲಕ್ಕೆ 160. ಕಾಯುತ್ತ ಕೂತಾಗ ಬೇಜಾರಾಗಿ 14416ಕ್ಕೆ ಫೋನ್ ಮಾಡಿ ನೋಡಿದೆ, ಟೆಲಿ ಮಾನಸ್. 2022ರ ಅಕ್ಟೋಬರ್ 10ರಂದು ಶುರುವಾದ ಸಹಾಯವಾಣಿ, ಉಚಿತ, ಹಗಲೂ ರಾತ್ರಿ. ಮಕ್ಕಳಿಗೆ ನಂಬರ್ ಕೊಡುವ ಮೊದಲು ಯಾರು ಎತ್ತುತ್ತಾರೆ ಅಂತ ನಮಗೆ ಗೊತ್ತಿರಬೇಕಲ್ವಾ? ಮೊದಲು ಭಾಷೆ ಆರಿಸಬೇಕು. ಆಮೇಲೆ ಒಬ್ಬ ಹುಡುಗಿ ಕನ್ನಡದಲ್ಲೇ ಮಾತಾಡಿದಳು. 'ನಾನು ಟೀಚರ್, ಸುಮ್ನೆ ಪರೀಕ್ಷೆ ಮಾಡ್ತಿದೀನಿ' ಅಂತ ಹೇಳಲು ಹೋಗಿ, ಫೆಬ್ರವರಿಯ ವಿಷಯ ಹೇಳಿಬಿಟ್ಟೆ. ಆಸ್ಪತ್ರೆ ಕಾರಿಡಾರಿನಲ್ಲಿ ನಿಂತು ಅತ್ತೆ. ಆಕೆ ಅವಸರ ಮಾಡಲಿಲ್ಲ. ನೀವೂ ಒಮ್ಮೆ ಮಾಡಿ ನೋಡಿ, ಆದರೆ ಕಾರಿಡಾರಿನಲ್ಲಿ ಬೇಡ.

ಇನ್ನೊಂದು ತೊಡಕು ಸಮಯದ್ದು. ಕೆಲಸದ ದಿನ ಮಕ್ಕಳನ್ನು ಮನೆಗೆ ಕಳಿಸುವಂತಿಲ್ಲ. ಎಲ್ಲರಿಗೂ ಒಂದೇ ದಿನ ಓಓಡಿ (ಬೇರೆ ಕರ್ತವ್ಯದ ಮೇಲೆ ಹೋಗಲು ಅನುಮತಿ) ಕೊಟ್ಟರೆ ಶಾಲೆ ನೋಡುವವರು ಯಾರು? ಅದಕ್ಕೆ ಎರಡು ಶನಿವಾರ, ಬೆಳಗಿನ ಶಾಲೆ ಬಿಟ್ಟ ಮೇಲೆ ಹನ್ನೆರಡರಿಂದ ನಾಲ್ಕು ಅಂತ ಮಾಡಿದೆವು. ಶನಿವಾರ ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೋಗುವವರಿಗೆ ಸಿಟ್ಟು. ಊಟ ಹಾಕಿಸುತ್ತೇನೆ ಅಂದೆ. ಬಿಸಿಯೂಟದ ಅಕ್ಕಿ ಮುಟ್ಟುವಂತಿಲ್ಲ, ಲೆಕ್ಕ ಕೊಡಬೇಕು. ಮೆಸ್ಸಿನಿಂದ ಪಲಾವ್, ಮೊಸರನ್ನ ತರಿಸಿದೆ. ಅಡುಗೆಯವರು 'ನಾವೇ ಮಾಡ್ತೀವಿ ಬಿಡಿ ಮಿಸ್ಸು' ಅಂದರು. ಬೇಡ ಅಂದೆ. ಅವರು ಒಳಗೆ ಕೂರಬೇಕು, ಒಲೆ ಮುಂದೆ ಅಲ್ಲ.

ಖರ್ಚು ಕೇಳುವವರಿಗೆ: ಎರಡು ದಿನದ ಊಟ 2,660, ಟೀ ಬಿಸ್ಕತ್ತು 600, ಜೆರಾಕ್ಸ್ 408, ನನ್ನ ಆಟೋ 640. ಒಟ್ಟು 4,308. ಎಚ್ಚೆಮ್ ಸಾವಿರ ಕೊಟ್ಟರು, ಅಧ್ಯಕ್ಷರು ಸಾವಿರ, ಉಳಿದದ್ದು ನನ್ನದು. ಫ್ಲೆಕ್ಸ್ ಮಾಡಿಸಲಿಲ್ಲ. ಅದಕ್ಕೂ ಒಂದು ಗಲಾಟೆ ಆಯಿತು, ಫ್ಲೆಕ್ಸ್ ಇಲ್ಲದೆ ಫೋಟೋ ಹೇಗೆ ಅಂತ. ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದೆವು.

ಮೊದಲ ದಿನ ಡಿಸೆಂಬರ್‌ನಲ್ಲಿ. ಮನೋವೈದ್ಯರಿಗೆ ಬರಲಾಗಲಿಲ್ಲ, ಮನಃಶಾಸ್ತ್ರಜ್ಞೆ ಒಬ್ಬರು ಮತ್ತು ಸೋಶಿಯಲ್ ವರ್ಕರ್ ಒಬ್ಬರು ಬಂದರು. ಮೊದಲು ನಿರಾಸೆ ಆಯಿತು, ಆಮೇಲೆ ಅದೇ ಒಳ್ಳೆಯದಾಯಿತು ಅನ್ನಿಸಿತು. ಇವರು ಕಾಯಿಲೆಗಳ ಪಟ್ಟಿ ಹೇಳಲಿಲ್ಲ. ಬಂದವರೇ ಮೇಜು ಕುರ್ಚಿ ತೆಗೆಸಿ ಎಲ್ಲರನ್ನೂ ವೃತ್ತದಲ್ಲಿ ಕೂರಿಸಿದರು. ಅಡುಗೆಯ ಮೂವರು ಗೋಡೆ ಪಕ್ಕ ನೆಲದ ಮೇಲೆ ಕೂತಿದ್ದರು, ಅವರನ್ನು ಎಬ್ಬಿಸಿ ಕುರ್ಚಿಗೆ ಕೂರಿಸಲು ಐದು ನಿಮಿಷ ಹಿಡಿಯಿತು. ಇಬ್ಬರು ಮೇಷ್ಟ್ರುಗಳು ಮುಖ ಮುಖ ನೋಡಿಕೊಂಡರು. ನನಗೆ ಕಾಣಿಸಿತು.

ಮೊದಲ ಆಟ: ಇಬ್ಬಿಬ್ಬರು ಜೋಡಿ. ಒಬ್ಬರು ಮೂರು ನಿಮಿಷ ತಮ್ಮ ಕಷ್ಟ ಹೇಳಬೇಕು, ಇನ್ನೊಬ್ಬರು ಬುದ್ಧಿ ಹೇಳದೆ ಕೇಳಬೇಕು. ಕೇಳುವುದು ಅಷ್ಟೇ. ಹೇಳಿದರೆ ನಂಬುವುದಿಲ್ಲ, ಒಂದು ನಿಮಿಷವೂ ಯಾರಿಗೂ ಆಗಲಿಲ್ಲ. 'ನೀವು ಹೀಗ್ ಮಾಡಿ', 'ಅಯ್ಯೋ ನಮ್ಮನೇಲೂ ಹಂಗೇ' ಎಲ್ಲ ಕಡೆಯಿಂದ ಶುರುವಾಯಿತು. ನಮ್ಮ ಕೆಲಸವೇ ಹೇಳುವುದು, ಇಪ್ಪತ್ತು ವರ್ಷದಿಂದ ಅದನ್ನೇ ಮಾಡಿದ್ದೇವೆ. ಮೂರು ನಿಮಿಷ ಪೂರ್ತಿ ಕೇಳಿದ್ದು ಒಬ್ಬರೇ, ಅಡುಗೆ ಅಕ್ಕ. ಅವರ ಜೋಡಿ ನಮ್ಮ ಪಿಟಿ ಮೇಷ್ಟ್ರು.

ಪಿಟಿ ಮೇಷ್ಟ್ರು ಬೆಳಗ್ಗೆಯಿಂದ ಒಂದೇ ಮಾತು, 'ನಮ್ ಕಾಲ್ದಲ್ಲಿ ಬಾಸುಂಡೆ ಬರೋ ಹಂಗೆ ಬಾರಿಸ್ತಿದ್ರು, ನಮಗೇನಾಯ್ತು?' ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್‌ನಲ್ಲಿ ಹೊಡೆಯುವುದರ ಜೊತೆ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ ಅಂತ ಮನಃಶಾಸ್ತ್ರಜ್ಞೆ ಹೇಳಿದರು, ಆದರೆ ವಾದಕ್ಕೆ ಇಳಿಯಲಿಲ್ಲ. 'ಹೊಡೆದ ಮೇಷ್ಟ್ರ ಹೆಸರು ನೆನಪಿದೆಯಾ ಸಾರ್?' ಅಂತ ಮಾತ್ರ ಕೇಳಿದರು. ನೆನಪಿತ್ತು. ಊರು, ಇಸವಿ, ಯಾವ ಲೆಕ್ಕಕ್ಕೆ ಅನ್ನುವುದೂ ನೆನಪಿತ್ತು. ಆಮೇಲೆ ಅವರು ಆ ಮಾತು ಎತ್ತಲಿಲ್ಲ.

ಅವತ್ತು ಕಲಿತ ಮುಖ್ಯ ವಿಷಯ, ನಾವು ಡಾಕ್ಟರಲ್ಲ. ಕಾಯಿಲೆಗೆ ಹೆಸರಿಡುವುದು ನಮ್ಮ ಕೆಲಸ ಅಲ್ಲ. ನೋಡುವುದು, ಕೇಳುವುದು, ಸರಿಯಾದವರಿಗೆ ಮುಟ್ಟಿಸುವುದು. ಮಗು ಇದ್ದ ಹಾಗೆ ಇಲ್ಲ, ಊಟ, ನಿದ್ದೆ, ಗೆಳೆಯರು, ಓದು ಇದರಲ್ಲಿ ಬದಲಾವಣೆ ಎರಡು ವಾರ ಉಳಿದಿದೆ ಅಂದರೆ ಕೂರಿಸಿ ಮಾತಾಡಿಸಿ. ಸಾಯುವ ಮಾತು ಬಂದರೆ ಎರಡು ವಾರ ಕಾಯುವುದಲ್ಲ, ಆ ಕ್ಷಣವೇ.

ಎರಡನೇ ದಿನ ಆ ಮಾತನ್ನೇ ಅಭ್ಯಾಸ ಮಾಡಿಸಿದರು. 'ಸಾಯಬೇಕು ಅಂತ ಅನ್ನಿಸಿದೆಯಾ?' ಅಂತ ನೇರವಾಗಿ ಕೇಳಬೇಕು. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗೆ ಆಗುತ್ತೆ ಅನ್ನುವುದು ನಮ್ಮೆಲ್ಲರ ಭಯ. ಹಾಗಾಗುವುದಿಲ್ಲ, ಕೇಳಿದರೆ ಮಗುವಿಗೆ ಹಗುರವೇ ಆಗುತ್ತೆ ಅಂದರು. ಆದರೆ ಆ ವಾಕ್ಯ ಬಾಯಲ್ಲಿ ಹೊರಡುವುದೇ ಇಲ್ಲ! ಕನ್ನಡ ಮೇಷ್ಟ್ರು 'ಬದುಕಿನ ಬಗ್ಗೆ ಜಿಗುಪ್ಸೆ...' ಅಂತ ಶುರು ಮಾಡಿದರು, ಎಲ್ಲರೂ ನಕ್ಕರು. ಹದಿನೇಳು ಜನರೂ ಒಬ್ಬೊಬ್ಬರೇ ಗಟ್ಟಿಯಾಗಿ ಹೇಳುವವರೆಗೆ ಬಿಡಲಿಲ್ಲ. ಹೌದು ಅಂದರೆ ಮಗುವನ್ನು ಒಂಟಿಯಾಗಿ ಬಿಡಬಾರದು. ಮನೆಯ ದೊಡ್ಡವರನ್ನು ಕರೆಸಬೇಕು, ಅಲ್ಲಿಂದಲೇ 14416ಕ್ಕೆ ಮಾಡಬೇಕು ಅಥವಾ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. 'ಯಾರಿಗೂ ಹೇಳಲ್ಲ' ಅಂತ ಭಾಷೆ ಕೊಡಬಾರದು. 'ನಿನ್ನನ್ನು ಕಾಪಾಡೋಕೆ ಬೇಕಾದವರಿಗೆ ಮಾತ್ರ ಹೇಳ್ತೀನಿ' ಅನ್ನಬೇಕು.

ಪೋಕ್ಸೋ, ಅಂದರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಕಾಯ್ದೆಯ ವಿಷಯ ಬಂದಾಗ ರೂಮು ತಣ್ಣಗಾಯಿತು. ಮಗು ಅಂಥದ್ದು ಹೇಳಿದರೆ ಪೊಲೀಸರಿಗೆ ತಿಳಿಸುವುದು ಕಾನೂನಿನ ಪ್ರಕಾರ ಕಡ್ಡಾಯ, ತಿಳಿಸದಿದ್ದರೆ ನಮಗೇ ಶಿಕ್ಷೆ. ಊರಿನ ಪಂಚಾಯ್ತಿ, ಮನೆ ಮರ್ಯಾದೆ ಯಾವುದೂ ನಡೆಯುವುದಿಲ್ಲ. ಮಕ್ಕಳ ಸಹಾಯವಾಣಿ 1098 ನಂಬರನ್ನು ಅವತ್ತೇ ಗೋಡೆಗೆ ಬರೆಸಿದೆವು.

ನಮ್ಮ ಕಡೆಯ ಪ್ರಶ್ನೆಯೂ ಬಂತು. ಹುಡುಗಿಯರಿಗೆ ಗಾಳಿ ಸೋಕುವುದು, ಮೈಮೇಲೆ ಬರುವುದು, ಯಂತ್ರ ಕಟ್ಟಿಸುವುದು. ಸೋಶಿಯಲ್ ವರ್ಕರ್ ಹೇಳಿದ್ದು ನನಗೆ ಹಿಡಿಸಿತು. ಅಜ್ಜಿ ಜೊತೆ ಜಗಳ ಬೇಡ, ಯಂತ್ರ ಕಟ್ಟಲಿ, ಜೊತೆಗೆ ಮಂಗಳವಾರ ತಾಲ್ಲೂಕು ಆಸ್ಪತ್ರೆಗೂ ಬರಲಿ. ಮನೋಚೈತನ್ಯ ಅಂತ ಮಂಗಳವಾರ ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ನೋಡುವ ಕಾರ್ಯಕ್ರಮ ಇದೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಅಂತ ಮೊದಲೇ ಕೇಳಿಕೊಂಡು ಹೋಗಿ. ಮಗುವಿನ ಜೊತೆ ಮನೆಯ ದೊಡ್ಡವರು ಇರಲೇಬೇಕು, ಅಪ್ಪ ಅಮ್ಮ ಬೆಂಗಳೂರಲ್ಲಿದ್ದರೆ ಅವರಿಗೆ ಒಂದು ದಿನದ ಕೂಲಿ ಹೋಗುತ್ತೆ. ಅದನ್ನು ನೆನಪಿಟ್ಟುಕೊಂಡು ಮಾತಾಡಿ.

ಈಗ ನಮ್ಮ ಎಡವಟ್ಟು. ಎರಡು ತರಬೇತಿಯ ನಡುವೆ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ನನ್ನ ಹತ್ತಿರ ಮನೆಯ ವಿಷಯ ಹೇಳಿಕೊಂಡಳು. ನಾನು ಒಬ್ಬ ಸಹೋದ್ಯೋಗಿಗೆ ಹೇಳಿದೆ, ಸಲಹೆ ಕೇಳಲು. ಮಾರನೇ ದಿನ ಸ್ಟಾಫ್ ರೂಮಿಗೆಲ್ಲ ಗೊತ್ತು. ಮೂರನೇ ದಿನ ಯಾರೋ ಅವಳನ್ನೇ 'ಪಾಪ, ಹೇಗಿದ್ದೀಯಮ್ಮ' ಅಂತ ಕೇಳಿದರು. ಅವಳು ನನ್ನ ಜೊತೆ ಮಾತು ಬಿಟ್ಟಳು. ಇವತ್ತಿಗೂ ಸರಿಯಾಗಿ ಮಾತಾಡುತ್ತಿಲ್ಲ. ಕೆಟ್ಟ ಮನಸ್ಸಿನಿಂದ ಯಾರೂ ಮಾಡಲಿಲ್ಲ, ಕನಿಕರದಿಂದಲೇ ಆಯಿತು. ಈಗ ನಿಯಮ ಮಾಡಿದ್ದೇವೆ: ಒಂದು ಡೈರಿ, ಅದರಲ್ಲಿ ಹೆಸರಿಲ್ಲ, ಬೀರುವಿನ ಕೀ ನಾವು ರಾಯಭಾರಿಗಳಿಬ್ಬರ ಹತ್ತಿರ ಮಾತ್ರ. ಟೀ ಹೊತ್ತಿನಲ್ಲಿ ಮಗುವಿನ ಹೆಸರು ಎತ್ತುವಂತಿಲ್ಲ. ಈ ನಿಯಮ ತರಬೇತಿಗೂ ಮೊದಲೇ ಮಾಡಿ, ನಮ್ಮ ಹಾಗೆ ಆಮೇಲೆ ಅಲ್ಲ. ಫೋಟೋ ವಿಷಯದಲ್ಲೂ ಅಷ್ಟೇ. ವಾಟ್ಸಾಪ್ ಗ್ರೂಪಿಗೆ ವರದಿ ಬೇಕು ಅಂತ ಒತ್ತಾಯ ಬರುತ್ತೆ, ಸಿಬ್ಬಂದಿಯ ಫೋಟೋ ಹಾಕಿ, ಮಾತಾಡಲು ಬಂದ ಮಗುವಿನದ್ದು ಯಾವ ಕಾರಣಕ್ಕೂ ಬೇಡ.

ಸರ್ಟಿಫಿಕೇಟ್ ಇನ್ನೂ ಬಂದಿಲ್ಲ. ಅಡುಗೆಯವರ ಹೆಸರು ಪಟ್ಟಿಯಿಂದ ಬಿಟ್ಟುಹೋಗಿತ್ತು, ಮತ್ತೆ ಬರೆದು ಕಳಿಸಿದ್ದೇನೆ. 'ಅವರಿಗ್ಯಾಕೆ ಮೇಡಂ?' ಅಂತ ಒಬ್ಬರು ಕೇಳಿದರು. ಉತ್ತರ ಕೊಡಲು ಹೋಗಲಿಲ್ಲ, ಮೂರು ಹೆಸರನ್ನೂ ಪಟ್ಟಿಯ ಮೇಲಕ್ಕೆ ತಂದು ಇನ್ನೊಂದು ಪ್ರತಿ ಕೊಟ್ಟೆ. ಇನ್‌ವರ್ಡ್ ನಂಬರ್ ಬರೆಸಿಕೊಂಡು ಬಂದೆ.

ಸೋಮವಾರ ಮಧ್ಯಾಹ್ನ ಅಡುಗೆ ಅಕ್ಕ ಸೌಟು ಹಿಡಿದುಕೊಂಡೇ ಬಂದು ನನ್ನನ್ನು ಪಕ್ಕಕ್ಕೆ ಕರೆದರು. ಒಬ್ಬಳು ಹುಡುಗಿ ಮೂರು ದಿನದಿಂದ ಮೊಟ್ಟೆ ತಿನ್ನದೆ ಬ್ಯಾಗಿಗೆ ಹಾಕಿಕೊಂಡು ಹೋಗ್ತಿದ್ದಾಳೆ ಅಂದರು. ಹೆಸರು ಹೇಳುವ ಮೊದಲು ಹಿಂದೆ ಮುಂದೆ ನೋಡಿದರು, ಯಾರಾದರೂ ಕೇಳಿಸಿಕೊಳ್ತಿದ್ದಾರಾ ಅಂತ. ಇವತ್ತು ಸಂಜೆ ಅವಳ ಅಜ್ಜಿಯನ್ನು ಮಾತಾಡಿಸಿ ಬರಬೇಕು. ಮನೆಯಲ್ಲಿ ತಮ್ಮನಿಗೆ ಕೊಡುತ್ತಿರಬಹುದು, ಬೇರೇನೋ ಇರಬಹುದು. ಐದೂವರೆ ಬಸ್ಸಿಗೆ ಹೋದರೆ ಏಳರೊಳಗೆ ವಾಪಸ್ ಬರಬಹುದು.